ಮೆದುಳಿನ ಪರೀಕ್ಷೆ: ಸ್ಕ್ಯಾನ್, ಹತ್ತು ನಿಮಿಷದ ಪ್ರಶ್ನೆಗಳು, ಪೂರ್ಣ ಮೌಲ್ಯಮಾಪನ – ಯಾರಿಗೆ ಯಾವುದು?

ಒಂದೇ ವರ್ಷದೊಳಗೆ ನಮ್ಮ ಮನೆಯ ಇಬ್ಬರು ಹಿರಿಯರನ್ನು ಮರೆವಿನ ಪರೀಕ್ಷೆಗೆ ಕರೆದುಕೊಂಡು ಹೋಗಬೇಕಾಯಿತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲೇ ಆಯುಷ್ಯ ಕಳೆದ ನನ್ನ ತಾಯಿಗೆ ಒಂದು ಆಸ್ಪತ್ರೆಯಲ್ಲಿ 30ಕ್ಕೆ 17 ಅಂಕ ಬಂತು. ಬ್ಯಾಂಕಿನಲ್ಲಿ 34 ವರ್ಷ ಲೆಕ್ಕಪತ್ರ ನೋಡಿ ನಿವೃತ್ತರಾದ ದೊಡ್ಡಪ್ಪನವರಿಗೆ ಇನ್ನೊಂದು ಕಡೆ 30ಕ್ಕೆ 28 ಬಂತು. ಅಂಕವನ್ನೇ ನಂಬುವುದಾದರೆ ಅಮ್ಮನಿಗೆ ಡಿಮೆನ್ಷಿಯಾ (ಮರೆಗುಳಿತನದ ಕಾಯಿಲೆ), ದೊಡ್ಡಪ್ಪನವರು ಗಟ್ಟಿ. ಆದರೆ ಅಮ್ಮ ಆಗಲೂ ಕೊಯ್ಲಿನ ಕೂಲಿಯ ಲೆಕ್ಕವನ್ನು ಆಳಿನ ಹೆಸರು ಹಿಡಿದು ಬಾಯಲ್ಲೇ ಒಪ್ಪಿಸುತ್ತಿದ್ದರು. ದೊಡ್ಡಪ್ಪನವರೋ ಒಂದೇ ಕರೆಂಟ್ ಬಿಲ್ಲನ್ನು ಎರಡು ಸಲ ಕಟ್ಟಿ, ಮೂವತ್ತು ವರ್ಷ ಓಡಾಡಿದ ರಸ್ತೆಯಲ್ಲಿ ಮನೆಗೆ ತಿರುಗುವ ಅಡ್ಡರಸ್ತೆಯನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಆರು ತಿಂಗಳ ಮೇಲೆ ಇಬ್ಬರಿಗೂ ವಿಸ್ತಾರವಾದ ಪರೀಕ್ಷೆ ನಡೆದಾಗ ಮೊದಲಿನ ಎರಡೂ ಅಂಕಗಳು ತಲೆಕೆಳಗಾದವು.

ನಾನು ವೈದ್ಯಕೀಯ ಓದಿದವಳಲ್ಲ. ಆಸ್ಪತ್ರೆಯ ಮೊಗಸಾಲೆಗಳಲ್ಲಿ ಕಾದು ಕುಳಿತು, ತಿಳಿದವರನ್ನು ಕೇಳಿ, ಓದಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ. ಯಾವ ಪರೀಕ್ಷೆ ಬೇಕೆಂದು ತೀರ್ಮಾನಿಸುವವರು ನರರೋಗ ತಜ್ಞರು, ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟರೇ ಹೌದು. ಆದರೆ ಸರಿಯಾದ ಪ್ರಶ್ನೆ ಕೇಳುವ ಹೊಣೆ ಜೊತೆಗೆ ಹೋದವರ ಮೇಲೂ ಇದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪರೀಕ್ಷೆ ಎಷ್ಟು ಉದ್ದ, ಎಷ್ಟು ದುಬಾರಿ, ಎಷ್ಟು ಹೊಸತು ಎಂಬುದಕ್ಕಿಂತ, ಎದುರಿಗೆ ಕುಳಿತ ವ್ಯಕ್ತಿಯ ಭಾಷೆ, ಓದು ಮತ್ತು ವಯಸ್ಸಿಗೆ ಹೊಂದುವ ಅಳತೆಗೋಲು ಅದಕ್ಕೆ ಇದೆಯೇ ಎಂಬುದೇ ಮುಖ್ಯ.

ಸ್ಕ್ಯಾನ್ ಮತ್ತು ಪ್ರಶ್ನೆಪರೀಕ್ಷೆ

ಮೆದುಳಿನ ಪರೀಕ್ಷೆ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಎಂಆರ್‌ಐ. ಅದು ಮೆದುಳಿನ ರಚನೆಯ ಚಿತ್ರ. ಗೆಡ್ಡೆ, ಪಾರ್ಶ್ವವಾಯು ಬಿಟ್ಟುಹೋದ ಗಾಯ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ, ಮೆದುಳಿನ ಒಳಕೋಣೆಗಳಲ್ಲಿ ತುಂಬಿಕೊಂಡ ದ್ರವ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಭಾಗದ ಸವಕಳಿ, ಇವೆಲ್ಲ ಅದರಲ್ಲಿ ಕಾಣುತ್ತವೆ. ಮೆದುಳಿನ ಯಾವ ಭಾಗ ಎಷ್ಟು ಸಕ್ಕರೆಯನ್ನು ಬಳಸುತ್ತಿದೆ ಎಂಬುದನ್ನು ಪೆಟ್ ಸ್ಕ್ಯಾನ್ ತೋರಿಸಿದರೆ, ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಮುಖ್ಯವಾಗಿ ಮೂರ್ಛೆರೋಗದ ಪತ್ತೆಗೆ ಬರುತ್ತದೆ. ಆದರೆ ಈ ವ್ಯಕ್ತಿ ಹತ್ತು ನಿಮಿಷದ ಹಿಂದೆ ಕೇಳಿದ್ದನ್ನು ಹೇಳಬಲ್ಲರೇ, ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೊರಳಿ ಮತ್ತೆ ಮೊದಲಿನದಕ್ಕೆ ಮರಳಬಲ್ಲರೇ ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ಅದನ್ನು ಮಾಡಿಸಿಯೇ ನೋಡಬೇಕು. ಆ ಮಾಡಿಸಿ ನೋಡುವ ವಿಧಾನವೇ ನರಮನೋವೈಜ್ಞಾನಿಕ ಪರೀಕ್ಷೆ.

ರಚನೆಗೂ ಕೆಲಸಕ್ಕೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ಅಮೆರಿಕದಲ್ಲಿ 678 ಕ್ರೈಸ್ತ ಸಂನ್ಯಾಸಿನಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. ಸತ್ತ ಮೇಲೆ ಮೆದುಳನ್ನು ಪರಿಶೀಲಿಸಲು ಅವರು ಒಪ್ಪಿಗೆ ಕೊಟ್ಟಿದ್ದರು. ಆಲ್‌ಝೈಮರ್ ಕಾಯಿಲೆಯ ಗುರುತುಗಳು ಮೆದುಳಿನಲ್ಲಿ ಸಾಕಷ್ಟು ಇದ್ದೂ ಕೊನೆಯವರೆಗೆ ಚುರುಕಾಗಿ ಉಳಿದವರು ಅವರಲ್ಲಿ ಸಿಕ್ಕಿದರು. ಇದಕ್ಕೆ ವಿರುದ್ಧವೂ ನಡೆಯುತ್ತದೆ: ಬೈಕಿನಿಂದ ಬಿದ್ದ ಹುಡುಗನ ಸ್ಕ್ಯಾನ್ ಸರಿಯಾಗಿಯೇ ಇದ್ದು, ಗಮನ ನಿಲ್ಲುವುದು ಮಾತ್ರ ತಿಂಗಳುಗಟ್ಟಲೆ ಕಷ್ಟವಾಗಬಹುದು.

ಹಾಗೆಂದು ಸ್ಕ್ಯಾನ್ ಬೇಡವೆಂದು ಅರ್ಥವಲ್ಲ. ಮರೆವು ಅಥವಾ ಗೊಂದಲ ಕೆಲವೇ ದಿನ, ವಾರಗಳಲ್ಲಿ ಏರಿದ್ದರೆ, ಕೈಕಾಲಿನ ಬಲ ಕುಂದಿದ್ದರೆ, ಫಿಟ್ಸ್ ಬಂದಿದ್ದರೆ, ನಡಿಗೆ ಕೆಟ್ಟು ಮೂತ್ರದ ಹಿಡಿತ ತಪ್ಪಿದ್ದರೆ, ಹಿರಿಯರು ಇತ್ತೀಚೆಗೆ ಬಿದ್ದಿದ್ದರೆ, ಪ್ರಶ್ನೆಪರೀಕ್ಷೆಗೆ ಸಮಯ ಗೊತ್ತುಮಾಡುತ್ತ ಕೂರದೆ ಮೊದಲು ವೈದ್ಯರ ಬಳಿ ಹೋಗಬೇಕು. ಬಿ12, ಥೈರಾಯ್ಡ್, ಸೋಡಿಯಂ ನೋಡುವ ರಕ್ತಪರೀಕ್ಷೆಯೂ ಎಲ್ಲಕ್ಕಿಂತ ಮುಂಚಿನದು. ಅಷ್ಟು ಅಗ್ಗದ ಪರೀಕ್ಷೆಯಲ್ಲಿ ಸಿಗಬಹುದಾದ, ಔಷಧಿಯಿಂದ ಸರಿಹೋಗಬಹುದಾದ ಕಾರಣವನ್ನು ಬಿಟ್ಟು ದೊಡ್ಡ ಪರೀಕ್ಷೆಗೆ ಓಡುವುದರಲ್ಲಿ ಅರ್ಥವಿಲ್ಲ.

ಹತ್ತು ನಿಮಿಷದ ಪರೀಕ್ಷೆಗಳಲ್ಲಿ ಯಾವುದು

ವೈದ್ಯರ ಕೊಠಡಿಯಲ್ಲೇ ಮುಗಿಯುವ ಚಿಕ್ಕ ಪರೀಕ್ಷೆಗಳು ಜರಡಿಯ ಹಾಗೆ. ಇನ್ನೂ ಮುಂದೆ ನೋಡಬೇಕೇ ಬೇಡವೇ ಎಂದು ಅವು ಹೇಳಬಲ್ಲವೇ ಹೊರತು ರೋಗ ಯಾವುದೆಂದು ಹೇಳಲಾರವು. ಇವುಗಳಲ್ಲಿ ಹೆಚ್ಚು ಹೆಸರು ಕೇಳುವುದು ಎಂಎಂಎಸ್‌ಇ. ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಸೇರಿ 1975ರಲ್ಲಿ ಪ್ರಕಟಿಸಿದ ಇದಕ್ಕೆ ಒಟ್ಟು 30 ಅಂಕ. 24ಕ್ಕಿಂತ ಕಡಿಮೆಯಾದರೆ ಅನುಮಾನ ಎಂಬುದು ರೂಢಿಯ ಗೆರೆ. ದಿನ, ತಿಂಗಳು, ಊರು, ಮೂರು ಪದಗಳ ನೆನಪು, ಸಣ್ಣ ಲೆಕ್ಕ, ಒಂದು ವಾಕ್ಯ ಬರೆಯುವುದು, ಒಂದು ಚಿತ್ರ ನೋಡಿ ಬಿಡಿಸುವುದು, ಇಷ್ಟೇ ಅದರ ಹರವು. ಯೋಜನೆ ಹಾಕುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಅನಗತ್ಯವನ್ನು ತಡೆಹಿಡಿಯುವುದು ಮೆದುಳಿನ ಮುಂಭಾಗ ನೋಡಿಕೊಳ್ಳುವ ಕೆಲಸಗಳು. ಅವುಗಳನ್ನು ಇದು ಮುಟ್ಟುವುದೇ ಇಲ್ಲ ಎನ್ನಬಹುದು. ಮೂರು ಪದಗಳಿಗೆ ಇರುವುದು ಮೂರೇ ಅಂಕವಾದ್ದರಿಂದ, ಎರಡು ಪದ ಮರೆತು ಉಳಿದದ್ದೆಲ್ಲ ಸರಿ ಹೇಳಿದ ವಿದ್ಯಾವಂತರಿಗೆ 28 ಬರುತ್ತದೆ. ನಮ್ಮ ದೊಡ್ಡಪ್ಪನವರಿಗೆ ಬಂದದ್ದು ಹೀಗೆಯೇ. ಅವರು ಕಳೆದುಕೊಂಡದ್ದು ಎರಡೇ ಅಂಕ, ಆದರೆ ಕಳೆದುಕೊಳ್ಳಬಾರದ ಜಾಗದಲ್ಲಿ.

ಈ ಕೊರತೆಯನ್ನು ತುಂಬಲೆಂದೇ ಮಾಂಟ್ರಿಯಲ್‌ನ ಝಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು 2005ರಲ್ಲಿ ಮೋಕಾ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಇದಕ್ಕೂ 30 ಅಂಕವೇ. 26 ಮತ್ತು ಮೇಲಕ್ಕೆ ಸರಿ ಎಂದು ಲೆಕ್ಕ. ಡಿಮೆನ್ಷಿಯಾಕ್ಕೆ ಮುಂಚಿನ ಸಣ್ಣ ಕುಂದನ್ನು ಎಂಎಂಎಸ್‌ಇ ನೂರರಲ್ಲಿ 18 ಜನರಲ್ಲಿ ಮಾತ್ರ ಹಿಡಿದಿದ್ದರೆ ಮೋಕಾ 90 ಜನರಲ್ಲಿ ಹಿಡಿಯಿತೆಂದು ಅವರ ಮೊದಲ ವರದಿಯಲ್ಲಿದೆ. ದೊಡ್ಡಪ್ಪನವರಂಥವರಿಗೆ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಯೋಚಿಸದೆ ಮೋಕಾ ಎನ್ನುತ್ತೇನೆ.

ಆದರೆ ಅಮ್ಮನನ್ನು ಕೆಡವಿದ್ದೂ ಅದೇ ಮೋಕಾ. ಪರೀಕ್ಷೆ ಮಾಡಿದವರು ಮೇಜಿನ ಮೇಲೆ ಇಂಗ್ಲಿಷ್ ಹಾಳೆಯನ್ನಿಟ್ಟು ಬಾಯಲ್ಲಿ ಕನ್ನಡ ಹೇಳುತ್ತಿದ್ದರು. ಅಂಕಿ ಒಂದು, ಅಕ್ಷರ ಒಂದು ಎಂದು ಗೆರೆ ಜೋಡಿಸುವ ಭಾಗದಲ್ಲಿ ಇಂಗ್ಲಿಷ್ ಅಕ್ಷರ ತಿಳಿಯದ ಅಮ್ಮ ಪೆನ್ನು ಕೆಳಗಿಟ್ಟರು. ಮುಂದಿನದು ಘನಾಕೃತಿ ನೋಡಿ ಬಿಡಿಸುವುದು. ಪೆನ್ನನ್ನು ರಂಗೋಲಿ ಪುಡಿ ಹಿಡಿದಂತೆ ಮೂರು ಬೆರಳ ತುದಿಯಲ್ಲಿ ಹಿಡಿದು, ಒಂದು ಚೌಕ ಬರೆದು, ಅದರ ಪಕ್ಕಕ್ಕೆ ಇನ್ನೊಂದು ಚೌಕ ಬರೆದು, ‘ಸಾಕಾ?’ ಎಂದು ಕೇಳಿದರು. ದಿನಾ ಬೆಳಿಗ್ಗೆ ಅಂಗಳದಲ್ಲಿ ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದು ಎಳೆ ತಪ್ಪದೆ ಹಾಕುವ ಕೈ ಅದು. ಸ್ಥಳ, ದಿಕ್ಕು, ಆಕಾರ ಗ್ರಹಿಸುವ ಶಕ್ತಿ ಇಲ್ಲದವರಿಂದ ಅಂಥ ರಂಗೋಲಿ ಆಗದು. ಆ ಹಾಳೆ ಅಳೆದದ್ದು ಕಾಗದದ ಮೇಲೆ ಘನಾಕೃತಿ ಬರೆದ ಶಾಲೆಯ ಅಭ್ಯಾಸವನ್ನು. ಓದು ಕಡಿಮೆಯಿರುವವರಿಗೆಂದು ಮೋಕಾ ಒಂದು ಅಂಕವನ್ನು ಸೇರಿಸಿಕೊಡುತ್ತದೆ, ನಿಜ. ಆದರೆ 12 ವರ್ಷ ಓದಿದವರಿಗೂ ಒಂದೇ ಅಂಕ, ನಾಲ್ಕು ವರ್ಷ ಓದಿದವರಿಗೂ ಅದೇ ಒಂದು. ಕಡಿಮೆ ಓದಿನವರಿಗಾಗಿಯೇ ಸಿದ್ಧಪಡಿಸಿದ ‘ಮೋಕಾ ಬೇಸಿಕ್’ ಎಂಬ ಬೇರೆ ರೂಪವಿದೆ ಎಂದು ನಮಗೆ ಯಾರೂ ಅಂದು ಹೇಳಲಿಲ್ಲ, ಕೇಳಬೇಕೆಂದು ನಮಗೆ ತಿಳಿದಿರಲೂ ಇಲ್ಲ.

ಅಕ್ಷರ ಬಾರದವರನ್ನು ಗಮನದಲ್ಲಿಟ್ಟು ನಮ್ಮ ದೇಶದಲ್ಲೇ ರೂಪುಗೊಂಡದ್ದು ಎಚ್‌ಎಂಎಸ್‌ಇ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಅಧ್ಯಯನಕ್ಕಾಗಿ ಎಂಎಂಎಸ್‌ಇಯನ್ನು ಮಾರ್ಪಡಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆ ಅದು. ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತದೆ. ಬರೆದದ್ದನ್ನು ಓದಿ ಅದರಂತೆ ಮಾಡಿಸುವ ಬದಲು, ನಾನು ಮಾಡಿದಂತೆ ಮಾಡಿ ಎಂದು ಕಣ್ಣು ಮುಚ್ಚಿ ತೋರಿಸುತ್ತದೆ. ಇದೇ ಅಧ್ಯಯನದಿಂದ ಬಂದ ಇನ್ನೊಂದು ಸಾಧನ, ಭಾರತದ ದಿನನಿತ್ಯದ ಸಾಮರ್ಥ್ಯಗಳ ಮಾಪನ, ಹಿರಿಯರನ್ನು ಪ್ರಶ್ನಿಸದೆ ಮನೆಯವರನ್ನು ಕೇಳುತ್ತದೆ. ನನ್ನ ಅನುಭವದಲ್ಲಿ ಮನೆಯವರ ಹೇಳಿಕೆಯನ್ನು ಕ್ರಮವಾಗಿ ಕೇಳಿ ಬರೆದುಕೊಳ್ಳದ ಯಾವ ಚಿಕ್ಕ ಪರೀಕ್ಷೆಯೂ ಅರ್ಧ ಪರೀಕ್ಷೆಯೇ. ದೊಡ್ಡಪ್ಪನವರ ಎರಡು ಸಲದ ಕರೆಂಟ್ ಬಿಲ್ಲಿನ ಸಂಗತಿಯನ್ನು ದೊಡ್ಡಮ್ಮನನ್ನು ಯಾರಾದರೂ ಕೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ಇವೆಲ್ಲಕ್ಕಿಂತ ತುಸು ಉದ್ದದ್ದು, ಸುಮಾರು ಇಪ್ಪತ್ತು ನಿಮಿಷದ್ದು, ಎಸಿಇ–3. ಒಟ್ಟು 100 ಅಂಕವನ್ನು ಐದಾಗಿ ಹಂಚಿದ್ದಾರೆ: ಗಮನಕ್ಕೆ 18, ನೆನಪಿಗೆ 26, ಪದಗಳ ಸರಾಗಕ್ಕೆ 14, ಭಾಷೆಗೆ 26, ನೋಟ ಮತ್ತು ಸ್ಥಳಗ್ರಹಣಕ್ಕೆ 16. ಒಟ್ಟು ಅಂಕ ಮಾತ್ರವಲ್ಲದೆ ಎಲ್ಲಿ ಕುಸಿದಿದೆ ಎಂಬುದೂ ಕಾಣುವುದು ಇದರ ಹೆಚ್ಚುಗಾರಿಕೆ. ಕನ್ನಡವೂ ಸೇರಿದಂತೆ ಭಾರತದ ಏಳು ಭಾಷೆಗಳಿಗೆ ಇದನ್ನು ಒಗ್ಗಿಸಿದ್ದಾರೆ. ಭಾಷೆ ಮತ್ತು ಓದಿಗೆ ತಕ್ಕಂತೆ ಗೆರೆಯ ಅಂಕವನ್ನು ಬೇರೆ ಬೇರೆಯಾಗಿ ಗೊತ್ತುಮಾಡಿದ್ದಾರೆ. ಶಾಲೆ ಕಲಿತ ಕನ್ನಡಿಗ ಹಿರಿಯರಿಗೆ ಚಿಕ್ಕ ಪರೀಕ್ಷೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಕನ್ನಡದ ಎಸಿಇ–3ಕ್ಕೆ.

ಪೂರ್ಣ ಮೌಲ್ಯಮಾಪನದಲ್ಲಿ ನಡೆಯುವುದೇನು

ಪೂರ್ಣ ಪರೀಕ್ಷೆ ಹಲವು ಗಂಟೆಗಳದು; ಹಿರಿಯರಿಗೆ ಎರಡು ಮೂರು ದಿನಕ್ಕೆ ಹಂಚುತ್ತಾರೆ. ಸೂಜಿಯಿಲ್ಲ, ಯಂತ್ರವಿಲ್ಲ. ಒಂದು ಮೇಜು, ಒಂದು ನಿಲುಗಡಿಯಾರ, ಕಾರ್ಡುಗಳು, ಮಣಿಗಳು, ಕಾಗದ. ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚು ಮಾಡಿ, ಪದವನ್ನು ಓದದೆ ಶಾಯಿಯ ಬಣ್ಣವನ್ನು ಮಾತ್ರ ಹೇಳಿ ಎನ್ನುವ ಸ್ಟ್ರೂಪ್ ಪರೀಕ್ಷೆ, ತಾನಾಗಿ ಬಾಯಿಗೆ ಬರುವುದನ್ನು ತಡೆಹಿಡಿಯುವ ಶಕ್ತಿಯನ್ನು ನೋಡುತ್ತದೆ. ಕಂಬಗಳಿಗೆ ಸಿಕ್ಕಿಸಿದ ಮಣಿಗಳನ್ನು ಆದಷ್ಟು ಕಡಿಮೆ ಚಲನೆಯಲ್ಲಿ ತೋರಿಸಿದ ಕ್ರಮಕ್ಕೆ ತರುವ ‘ಲಂಡನ್ ಗೋಪುರ’ ಯೋಜನಾಶಕ್ತಿಯನ್ನು ನೋಡುತ್ತದೆ. ಜಟಿಲವಾದ ಒಂದು ರೇಖಾಚಿತ್ರವನ್ನು ನೋಡಿ ಬಿಡಿಸಿ, ಸ್ವಲ್ಪ ಹೊತ್ತಿನ ಮೇಲೆ ನೋಡದೆ ಬಿಡಿಸುವ ರೇ ಚಿತ್ರಕ್ಕೆ 36 ಅಂಕ.

ಇವೆಲ್ಲದರಲ್ಲಿ ನನಗೆ ಹೆಚ್ಚು ಕಣ್ಣು ತೆರೆಸಿದ್ದು ಹದಿನೈದು ಪದಗಳ ಪಟ್ಟಿ. ಸೈಕಾಲಜಿಸ್ಟ್ ಪಟ್ಟಿಯನ್ನು ಓದುತ್ತಾರೆ, ನೆನಪಿದ್ದಷ್ಟನ್ನು ಹೇಳಬೇಕು. ಅದೇ ಪಟ್ಟಿಯನ್ನು ಹೀಗೆ ಐದು ಸಲ ಓದುತ್ತಾರೆ. ನಡುವೆ ಬೇರೊಂದು ಪಟ್ಟಿ, ಬೇರೆ ಕೆಲಸಗಳು. ಸುಮಾರು ಇಪ್ಪತ್ತು ಮೂವತ್ತು ನಿಮಿಷ ಕಳೆದ ಮೇಲೆ ಮೊದಲಿನ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ಅಮ್ಮ ಮೊದಲ ಸುತ್ತಿನಲ್ಲಿ ಹೇಳಿದ್ದು ನಾಲ್ಕೇ ಪದ. ಐದನೆಯ ಸುತ್ತಿಗೆ ಅದು ಹನ್ನೊಂದಾಗಿತ್ತು. ಅರ್ಧ ಗಂಟೆಯ ಮೇಲೆ ಒಂಬತ್ತು ಉಳಿದಿತ್ತು. ದೊಡ್ಡಪ್ಪನವರು ಮೊದಲ ಸುತ್ತಿನಲ್ಲಿ ಅಮ್ಮನಿಗಿಂತ ಮುಂದೆ, ಆರು ಪದ. ಐದನೆಯ ಸುತ್ತಿಗೆ ಏಳು. ಅರ್ಧ ಗಂಟೆಯ ಮೇಲೆ ಕೇಳಿದಾಗ ಅವರು, ‘ಯಾವ ಪಟ್ಟಿ?’ ಎಂದರಂತೆ. ಗುರುತಿಸಿ ಎಂದು ಪದಗಳನ್ನು ಒಂದೊಂದಾಗಿ ಮುಂದಿಟ್ಟಾಗ, ಪಟ್ಟಿಯಲ್ಲಿ ಇಲ್ಲದ ಪದಗಳಿಗೂ ಹೌದೆಂದರು. ಫಲಿತಾಂಶ ವಿವರಿಸಿದ ಸೈಕಾಲಜಿಸ್ಟ್ ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು: ಒಂದು ಏರುವ ಗೆರೆ, ಇನ್ನೊಂದು ಚಪ್ಪಟೆಯಾದ ಗೆರೆ. ಒಳಗೆ ಇಟ್ಟದ್ದನ್ನು ಹೊರತೆಗೆಯಲು ತಡವರಿಸುವವರು ಸುಳಿವು ಕೊಟ್ಟರೆ ಗುರುತಿಸುತ್ತಾರೆ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ. ಒಳಕ್ಕೆ ಹೋಗಿ ಕೂರುವುದೇ ಆಗದವರಿಗೆ ಸುಳಿವಿನಿಂದಲೂ ಪ್ರಯೋಜನವಿಲ್ಲ. ಆಲ್‌ಝೈಮರ್‌ನ ಮಾದರಿ ಈ ಬಗೆಯದು. ಮೂರು ಪದ ಕೇಳುವ ಚಿಕ್ಕ ಪರೀಕ್ಷೆಯಲ್ಲಿ ಈ ಎರಡರ ನಡುವಣ ವ್ಯತ್ಯಾಸ ಕಾಣಲು ಜಾಗವೇ ಇಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಪೂರ್ಣ ಪರೀಕ್ಷೆ ಎಂದರೆ ಹೆಚ್ಚಾಗಿ 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಬ್ಯಾಟರಿ, ಅಂದರೆ ಹಲವು ಪರೀಕ್ಷೆಗಳ ಗುಚ್ಛ. ಲಿಂಗ, ವಯಸ್ಸು ಮತ್ತು ಓದಿಗೆ ತಕ್ಕ ಭಾರತೀಯ ಮಾನದಂಡ ಅದಕ್ಕಿದೆ. ಅನಕ್ಷರಸ್ಥರಿಗೆ ಬೇರೆ, ಶಾಲೆ ಓದಿದವರಿಗೆ ಬೇರೆ, ಕಾಲೇಜು ಓದಿದವರಿಗೆ ಬೇರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಮಾನದಂಡ 16ರಿಂದ 65 ವರ್ಷದವರಿಗೆ ಮಾತ್ರ. 74 ವರ್ಷದವರ ಅಂಕವನ್ನು 65ರವರ ಕೋಷ್ಟಕದಲ್ಲಿಟ್ಟು ಓದಿದರೆ ಇಲ್ಲದ ಕುಂದು ಕಾಣಿಸಬಹುದು. ವೃದ್ಧರಿಗಾಗಿ ನಿಮ್ಹಾನ್ಸ್‌ನಲ್ಲೇ ಮುಂದೆ ಪ್ರತ್ಯೇಕ ಬ್ಯಾಟರಿಯೊಂದು ಸಿದ್ಧವಾಗಿದೆ. ಪರೀಕ್ಷೆಗೆ ಒಪ್ಪುವ ಮುನ್ನ ‘ಇವರ ವಯಸ್ಸಿಗೂ ಓದಿಗೂ ಹೊಂದುವ ಮಾನದಂಡ ಯಾವುದನ್ನು ಬಳಸುತ್ತೀರಿ?’ ಎಂಬ ಒಂದೇ ಪ್ರಶ್ನೆ ಕೇಳಿ. ಸರಿಯಾಗಿ ಕೆಲಸ ಮಾಡುವವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಕನ್ನಡದಲ್ಲಿ ಪರೀಕ್ಷೆ ಎಂದರೆ ಅನುವಾದವಲ್ಲ

ಒಂದು ಇಂಗ್ಲಿಷ್ ಹಾಳೆಯನ್ನು ಸ್ಥಳದಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿದರೆ ಅದು ಕನ್ನಡದ ಪರೀಕ್ಷೆಯಾಗುವುದಿಲ್ಲ. ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಹೇಳುವ ಸರಳ ಪರೀಕ್ಷೆಯನ್ನೇ ನೋಡಿ. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ಏಳನ್ನು ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ಸಣ್ಣ ಪದಗಳು. ನಮ್ಮ ‘ಎರಡು’, ‘ಒಂಬತ್ತು’ ಬಾಯಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಅಂಕಿಯ ಹೆಸರು ಉದ್ದವಾದಷ್ಟೂ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವ ಅಂಕಿಗಳ ಸಂಖ್ಯೆ ಇಳಿಯುತ್ತದೆಂದು ವೆಲ್ಶ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವವರ ಮೇಲೆ 1980ರಲ್ಲಿ ನಡೆದ ಅಧ್ಯಯನ ತೋರಿಸಿತು. ಬೆಂಗಳೂರಿನ ನಿವೃತ್ತ ನೌಕರರು ಮನೆಯಲ್ಲಿ ಕನ್ನಡ ಮಾತಾಡಿದರೂ ಫೋನ್ ನಂಬರನ್ನು ಮಾತ್ರ ಇಂಗ್ಲಿಷಿನಲ್ಲೇ ಹೇಳುತ್ತಾರಲ್ಲ. ಅವರನ್ನು ಅಂಕಿಗೆ ಯಾವ ಭಾಷೆಯಲ್ಲಿ ಕೇಳಬೇಕು ಎಂಬುದನ್ನು ಪರೀಕ್ಷಕರು ಮೊದಲೇ ವಿಚಾರಿಸಿ ತೀರ್ಮಾನಿಸಬೇಕಾಗುತ್ತದೆ.

ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳಿಸುವ ಪರೀಕ್ಷೆಗೆ ಇಂಗ್ಲಿಷಿನ ಎಫ್, ಎ, ಎಸ್ ನಮಗೆ ಒದಗುವುದಿಲ್ಲ. ಇಲ್ಲಿ ಕ, ಪ, ಮ ಬಳಸುತ್ತಾರೆ. ಕ ಎಂದರೆ ಕಾಗೆ, ಕಿವಿ, ಕುದುರೆ ಸೇರುತ್ತವೆಯೋ ಇಲ್ಲವೋ ಎಂದು ಕಾಗುಣಿತ ಕಲಿತವರಿಗೇ ಗೊಂದಲವಾಗುವ ಜಾಗ ಇದು, ಸೂಚನೆ ಸ್ಪಷ್ಟವಾಗಿರಬೇಕು. ಅಕ್ಷರವೇ ಬಾರದವರಿಗೆ ಪ್ರಾಣಿಗಳ ಹೆಸರು ಹೇಳಿಸುವುದು ಸರಿಯಾದ ದಾರಿ. ಅಂಕಿ–ಅಕ್ಷರ ಜೋಡಿಸುವ ಪರೀಕ್ಷೆಯ ಬದಲಿಗೆ ಅಂಕಿ ಮತ್ತು ಬಣ್ಣಗಳನ್ನು ಬಳಸುವ ‘ಕಲರ್ ಟ್ರೇಲ್ಸ್’ ಇರುವುದೂ ಇದೇ ಕಾರಣಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಹೊಂದಿಕೆಯಾಗುವ ಪರೀಕ್ಷೆಗಳ ಒಂದು ಪೆಟ್ಟಿಗೆಯನ್ನೇ ಸಿದ್ಧಪಡಿಸಿದೆ; ಕೇಳಿ ನೋಡಿ.

ಎರಡು ಭಾಷೆ ಆಡುವವರ ವಿಚಾರ ಇನ್ನೂ ಸೂಕ್ಷ್ಮ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ ಇರುವ 648 ಜನರ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗದ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಮಂಗಳೂರಿನಲ್ಲಿ ತುಳು, ಕೊಂಕಣಿ, ಕನ್ನಡ ಮೂರನ್ನೂ ಆಡಿ ಬೆಳೆದವರನ್ನು ಪರೀಕ್ಷಿಸುವಾಗ, ಅಡುಗೆಮನೆಯಲ್ಲಿ ಯಾವ ಭಾಷೆ, ಲೆಕ್ಕಕ್ಕೆ ಯಾವ ಭಾಷೆ, ಶಾಲೆಯಲ್ಲಿ ಯಾವುದು ಎಂದು ಬರೆದುಕೊಂಡು ಹೋಗಿ ಕೊಟ್ಟರೆ ಪರೀಕ್ಷಕರಿಗೆ ದೊಡ್ಡ ಉಪಕಾರ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮಕ್ಕಳ ಮನೆಗೆ ಹೋಗಿರುವ ತಂದೆತಾಯಿಯರನ್ನು ಅಲ್ಲಿಯೇ ದುಭಾಷಿಯ ಮೂಲಕ ಪರೀಕ್ಷಿಸಲು ಹೊರಡುವವರಿಗೂ ಒಂದು ಮಾತು. ತುರ್ತು ಲಕ್ಷಣವಿಲ್ಲದಿದ್ದರೆ, ಊರಿಗೆ ಮರಳಿದ ಮೇಲೆ ಕನ್ನಡ ಬಲ್ಲ ಸೈಕಾಲಜಿಸ್ಟರಲ್ಲಿ ಮಾಡಿಸುವುದು ಒಳ್ಳೆಯದು. ಹೊಸ ಜಾಗ, ಬದಲಾದ ನಿದ್ದೆ, ಮಗಳು ನಡುವೆ ನಿಂತು ಅನುವಾದಿಸುತ್ತ ತಿಳಿಯದೆ ಕೊಡುವ ಸುಳಿವು, ಇವೆಲ್ಲ ಸೇರಿ ಫಲಿತಾಂಶ ಯಾವ ಕಡೆಗಾದರೂ ವಾಲಬಹುದು.

ಐಕ್ಯೂ, ಮೊಬೈಲ್ ಆಟ

ಬುದ್ಧಿಮತ್ತೆಯ ಪರೀಕ್ಷೆಯನ್ನೇ ಮೆದುಳಿನ ಪರೀಕ್ಷೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. 1953ರಲ್ಲಿ ಅಮೆರಿಕದ ಒಬ್ಬ ರೋಗಿಗೆ ಮೂರ್ಛೆರೋಗ ನಿಲ್ಲಿಸಲೆಂದು ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಭಾಗವನ್ನು ತೆಗೆದರು, ಎಚ್.ಎಂ. ಎಂಬ ಎರಡಕ್ಷರದಿಂದ ಆತ ಪ್ರಸಿದ್ಧ. ಬ್ರೆಂಡಾ ಮಿಲ್ನರ್ ಎಂಬ ಸೈಕಾಲಜಿಸ್ಟ್ ಆ ರೋಗಿಯನ್ನು ಪರೀಕ್ಷಿಸಿದಾಗ ಐಕ್ಯೂ 112 ಇತ್ತು, ಶಸ್ತ್ರಕ್ರಿಯೆಗೆ ಮುಂಚಿನ 104ಕ್ಕಿಂತಲೂ ಹೆಚ್ಚು. ಆದರೆ ಆಗಷ್ಟೇ ಮಾತಾಡಿದ್ದು ಕೆಲವು ನಿಮಿಷಗಳ ಮೇಲೆ ಅವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಐಕ್ಯೂ ಒಂದನ್ನೇ ನೋಡಿದ್ದರೆ ಅವರಿಗೆ ಏನೂ ಆಗಿಲ್ಲ ಎನ್ನಬೇಕಾಗುತ್ತಿತ್ತು. ಶಾಲೆಯ ವಿನಾಯಿತಿಗೆ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಐಕ್ಯೂ ಬೇಕಾಗಬಹುದು. ಮರೆವಿನ ಕಾರಣ ಹುಡುಕಲು ಅದು ಸಾಲದು.

ಕಂಪ್ಯೂಟರ್ ಪರೀಕ್ಷೆಗಳಲ್ಲಿ ಪ್ರತಿಕ್ರಿಯೆಯ ವೇಗ ನಿಖರವಾಗಿ ಸಿಗುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ದೀರ್ಘಕಾಲದ ಅಧ್ಯಯನದಲ್ಲಿ ಇಂಥ ಪರೀಕ್ಷೆಯನ್ನು ಕನ್ನಡದಲ್ಲಿ ಬಳಸುತ್ತಾರೆ. ಪಕ್ಕದಲ್ಲಿ ತರಬೇತಿ ಪಡೆದವರು ಕುಳಿತಿರುತ್ತಾರೆ. ಮೊಬೈಲಿನಲ್ಲಿ ಸಿಗುವ ‘ನಿಮ್ಮ ಮೆದುಳಿನ ವಯಸ್ಸು ಎಷ್ಟು’ ಎಂಬ ಆಟಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಯಾವ ಸಂದರ್ಭಕ್ಕೆ ಯಾವುದು

ನಿಧಾನವಾಗಿ ಏರುತ್ತಿರುವ ಮರೆವಿನ ಹಿರಿಯರಿಗೆ ರಕ್ತಪರೀಕ್ಷೆ, ಕಿವಿ–ಕಣ್ಣಿನ ತಪಾಸಣೆ, ಕನ್ನಡದ ಚಿಕ್ಕ ಪರೀಕ್ಷೆ ಮತ್ತು ಮನೆಯವರ ಹೇಳಿಕೆ, ಈ ಕ್ರಮದಿಂದ ಶುರುಮಾಡಬಹುದು. ಅಂಕವೂ ಮನೆಯ ಅನುಭವವೂ ಒಂದೇ ದಿಕ್ಕಿಗೆ ಬೊಟ್ಟು ಮಾಡಿದರೆ ಪೂರ್ಣ ಪರೀಕ್ಷೆಯ ಆಯಾಸವನ್ನು ಹಿರಿಯರಿಗೆ ಕೊಡಬೇಕಾದ ಪ್ರಮೇಯ ಎಷ್ಟೋ ಸಲ ಬರುವುದಿಲ್ಲ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದಾಗ, ಖಿನ್ನತೆಯೋ ಡಿಮೆನ್ಷಿಯಾವೋ ತಿಳಿಯದಿದ್ದಾಗ, ವಯಸ್ಸು 65ಕ್ಕಿಂತ ಕಡಿಮೆಯಿದ್ದಾಗ, ವ್ಯಕ್ತಿ ಇನ್ನೂ ಹೊಣೆಯ ಕೆಲಸದಲ್ಲಿದ್ದಾಗ ಪೂರ್ಣ ಪರೀಕ್ಷೆ ತನ್ನ ಬೆಲೆ ಪಡೆಯುತ್ತದೆ. ತಲೆಗೆ ಪೆಟ್ಟಾದವರಿಗೆ ಗೊಂದಲ ಇಳಿಯುವ ಮೊದಲು ಮಾಡಿಸಿದ ಪರೀಕ್ಷೆ ಆ ಹೊತ್ತಿನ ಗೊಂದಲವನ್ನಷ್ಟೇ ಅಳೆಯುತ್ತದೆ; ಮರಳಿ ಕೆಲಸಕ್ಕೆ ಹೋಗುವ ಹೊತ್ತಿಗೆ ಮಾಡಿಸಿದ್ದು ಉಪಯೋಗಕ್ಕೆ ಬರುತ್ತದೆ. ಮೂರ್ಛೆರೋಗದ ಶಸ್ತ್ರಕ್ರಿಯೆಗೆ ಮುಂಚೆ ಪೂರ್ಣ ಪರೀಕ್ಷೆಯ ವಿಚಾರದಲ್ಲಿ ಆಯ್ಕೆಯ ಮಾತೇ ಇಲ್ಲ: ಮಾತು ಮತ್ತು ನೆನಪು ಮೆದುಳಿನ ಯಾವ ಬದಿಯನ್ನು ಆಶ್ರಯಿಸಿವೆ, ತೆಗೆದರೆ ಏನು ಹೋಗಬಹುದು ಎಂದು ತಿಳಿಯದೆ ಕತ್ತಿ ಇಡುವುದಿಲ್ಲ.

ವರದಿಯನ್ನು ಓದುವುದು

ವರದಿಯಲ್ಲಿ ‘ಪರ್ಸೆಂಟೈಲ್’ ಎಂಬ ಪದ ಕಾಣುತ್ತದೆ. 40 ಎಂದಿದ್ದರೆ ನೂರಕ್ಕೆ ನಲವತ್ತು ಅಂಕ ಎಂದಲ್ಲ. ಅದೇ ವಯಸ್ಸು, ಅದೇ ಓದಿನ ನೂರು ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ನಲವತ್ತು ಜನ ಇವರಿಗಿಂತ ಹಿಂದೆ ಇರುತ್ತಾರೆ ಎಂದರ್ಥ. ನಿಮ್ಹಾನ್ಸ್ ಬ್ಯಾಟರಿಯಲ್ಲಿ 15ಕ್ಕಿಂತ ಕೆಳಗಿದ್ದರೆ ಕುಂದು ಎಂದು ಗುರುತಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಯಾವುದೇ ಒಂದು ಪರೀಕ್ಷೆಯಲ್ಲಿ ಏನೂ ತೊಂದರೆಯಿಲ್ಲದ ನೂರು ಜನರಲ್ಲಿ ಹದಿನೈದು ಜನ ಆ ಗೆರೆಯ ಕೆಳಗೆ ಬಿದ್ದೇ ಬೀಳುತ್ತಾರೆ. ಹಾಗಾಗಿ ಇಪ್ಪತ್ತು ಪರೀಕ್ಷೆಗಳಲ್ಲಿ ಎರಡು ಮೂರು ಕಡಿಮೆ ಬಂದವೆಂದು ಎದೆಗೆಡಬೇಕಾಗಿಲ್ಲ. ಕುಸಿದವುಗಳೆಲ್ಲ ಒಂದೇ ಸಾಮರ್ಥ್ಯಕ್ಕೆ ಸೇರಿದವೇ, ಮನೆಯಲ್ಲಿ ಕಾಣುವ ತೊಂದರೆಗೂ ಅವಕ್ಕೂ ಹೊಂದಿಕೆಯಿದೆಯೇ ಎಂದು ಕೇಳಬೇಕು. ಅಮ್ಮನ ವರದಿಯಲ್ಲಿ ಎರಡು ಅಂಕ ಗೆರೆಯ ಕೆಳಗಿದ್ದವು. ಎರಡೂ ಕಾಗದದ ಮೇಲೆ ಬೇಗ ಬೇಗ ಬರೆಯಬೇಕಾದವು. ಕಿವಿ ಮಂದವಾಗಿರುವುದು ಅದೇ ಸಂದರ್ಭದಲ್ಲಿ ಗೊತ್ತಾಯಿತು. ಮೊದಲ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಗಳೇ ಅವರಿಗೆ ಸರಿಯಾಗಿ ಕೇಳಿಸಿರಲಿಲ್ಲ.

ಪರೀಕ್ಷೆಯ ದಿನ ಕನ್ನಡಕ, ಶ್ರವಣಯಂತ್ರ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ನಿದ್ದೆಯ ಮಾತ್ರೆ, ಕೆಲವು ಅಲರ್ಜಿಯ ಮಾತ್ರೆಗಳು ಗಮನವನ್ನೂ ನೆನಪನ್ನೂ ಮಂಕಾಗಿಸುತ್ತವೆ. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬಾರದು. ಅಂತರ್ಜಾಲದಲ್ಲಿ ಪ್ರಶ್ನೆಗಳನ್ನು ಹುಡುಕಿ ಮನೆಯಲ್ಲಿ ಅಭ್ಯಾಸ ಮಾಡಿಸಿ ಕರೆದುಕೊಂಡು ಹೋಗುವವರಿದ್ದಾರೆ. ಪ್ರೀತಿಯಿಂದಲೇ ಮಾಡಿದರೂ ಅದರಿಂದ ಪರೀಕ್ಷೆ ಕೆಡುತ್ತದೆ. ಈ ಬರಹದಲ್ಲಿ ಪಟ್ಟಿಯ ಪದಗಳನ್ನು ನಾನು ಕೊಡದಿರುವುದಕ್ಕೂ ಅದೇ ಕಾರಣ. ಸಮಾಧಾನವಾಗಲಿಲ್ಲವೆಂದು ತಿಂಗಳೊಳಗೆ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಪರೀಕ್ಷೆ ಮಾಡಿಸಿದರೆ ಹಳೆಯ ಪರಿಚಯದಿಂದಲೇ ಅಂಕ ಏರುತ್ತದೆ. ಮೋಕಾ, ಎಸಿಇ–3 ಎರಡಕ್ಕೂ ಬದಲಿ ಪ್ರಶ್ನೆಗಳ ಬೇರೆ ರೂಪಗಳಿವೆ. ಮರುಪರೀಕ್ಷೆಗೆ ಅವನ್ನು ಬಳಸಿ ಎಂದು ಕೇಳಬಹುದು.

ಕೊನೆಯದಾಗಿ, ‘ಸ್ವಲ್ಪ ಮರೆವಿದೆ’ ಎಂಬ ಒಂದು ಸಾಲಿನ ವರದಿಯನ್ನು ಹಿಡಿದುಕೊಂಡು ಬರಬೇಡಿ. ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಯಾವ ಮಾನದಂಡ, ಪ್ರತಿಯೊಂದರ ಮೂಲ ಅಂಕ ಎಷ್ಟು ಎಂಬುದು ಬರಹದಲ್ಲಿರಬೇಕು. ಒಂದು ವರ್ಷದ ಮೇಲೆ ದೊಡ್ಡಪ್ಪನವರನ್ನು ಬೇರೆ ಊರಿನಲ್ಲಿ, ಬೇರೆ ಸೈಕಾಲಜಿಸ್ಟರ ಬಳಿ ಕೂರಿಸಿದಾಗ, ಅವರು ಮೊದಲು ಕೈಚಾಚಿ ಕೇಳಿದ್ದು ಹಿಂದಿನ ವರ್ಷದ ಆ ಐದು ಸುತ್ತುಗಳ ಅಂಕಗಳನ್ನೇ.